ದೇಣಿಗೆ ಪತ್ರದಲ್ಲಿ ಓದುವವರಿಗೆ ಏನು ಕೆಲಸ?

(ಸ್ವಯಂಸೇವಾ ಸಂಸ್ಥೆಗಳ ಕಾರ್ಯಕರ್ತರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನೇರವಾಗಿ ಒಂದು ಪತ್ರ ಓದಿಬಿಡುತ್ತೇನೆ.

‘ಮಾನ್ಯರೇ, ನಮ್ಮ ಸಂಸ್ಥೆಯು ಕಳೆದ ಹಲವಾರು ವರ್ಷಗಳಿಂದ ಸಮಾಜದ ಕಟ್ಟಕಡೆಯ ವ್ಯಕ್ತಿಯ ಸರ್ವಾಂಗೀಣ ಅಭಿವೃದ್ಧಿಗಾಗಿ ಶ್ರಮಿಸುತ್ತಾ ಬಂದಿದ್ದು, ತಮ್ಮಂತಹ ಸಹೃದಯ ದಾನಿಗಳು ಉದಾರವಾಗಿ ದೇಣಿಗೆ ನೀಡಿ ಸಹಕರಿಸಬೇಕೆಂದು ಈ ಮೂಲಕ ವಿನಂತಿ.’

ಇಂಥ ಪತ್ರ ನೀವೆಲ್ಲ ನೋಡಿದ್ದೀರಿ, ಬಹಳಷ್ಟು ಜನ ಬರೆದೂ ಇದ್ದೀರಿ. ಇದರಲ್ಲಿ ವ್ಯಾಕರಣ ತಪ್ಪಿಲ್ಲ, ಮರ್ಯಾದೆ ಕಮ್ಮಿಯಾಗಿಲ್ಲ, ಸುಳ್ಳೂ ಇಲ್ಲ. ಆದರೆ ಓದಿ ಮುಗಿಸಿದವರಿಗೆ ಎರಡು ವಿಷಯ ಗೊತ್ತಾಗುವುದಿಲ್ಲ. ಯಾರಿಗೆ ಏನು ಕಷ್ಟ? ಅದಕ್ಕೆ ನಾನೀಗ ಏನು ಮಾಡಬೇಕು? ಪತ್ರ ತೆಗೆದುಕೊಂಡವರು ಕೂತು ಓದುತ್ತಾರೆ ಅಂತ ನಾವು ಅಂದುಕೊಳ್ಳುತ್ತೇವೆ. ಅವರು ಬಾಗಿಲ ಹತ್ತಿರ ನಿಂತುಕೊಂಡೇ, ಇಲ್ಲಾ ಫೋನಿನಲ್ಲಿ ಹೆಬ್ಬೆರಳಿಂದ ಸರಿಸುತ್ತಾ, ಇದನ್ನು ಇಟ್ಟುಕೊಳ್ಳಲಾ ಬಿಸಾಡಲಾ ಅಂತ ಯೋಚಿಸುತ್ತಾ ಓದುತ್ತಿರುತ್ತಾರೆ. ಆ ಸ್ವಲ್ಪ ಹೊತ್ತಿನಲ್ಲಿ ಅವರಿಗೆ ನಮ್ಮ ಸಂಸ್ಥೆಯ ಹಿರಿಮೆ ಬೇಕಿಲ್ಲ. ತಾವು ಮಾಡಬಹುದಾದ ಒಂದು ಕೆಲಸ ಕಾಣಬೇಕು. ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದು ಇಷ್ಟೇ. ಉಳಿದದ್ದೆಲ್ಲ ಅದನ್ನು ಮಾಡುವುದು ಹೇಗೆ ಅನ್ನುವುದು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕಿವಿ ಸರಿಯಾಗಿ ಕೇಳದ ಮಕ್ಕಳಿಗೆ ಸಹಾಯ ಮಾಡುವ ಒಂದು ಟ್ರಸ್ಟ್ ಇದೆ ಅಂತ ಊಹಿಸಿಕೊಳ್ಳಿ. ಮಾಮೂಲಿ ಪತ್ರ ಆಗಿದ್ದರೆ ‘ಶ್ರವಣದೋಷವುಳ್ಳ ಮಕ್ಕಳ ಪುನರ್ವಸತಿ ಕಾರ್ಯಕ್ರಮಕ್ಕೆ ನೆರವಾಗಿ’ ಅಂತ ಇರುತ್ತಿತ್ತು. ಅದನ್ನು ಬದಲಾಯಿಸಿ ಬರೆದರೆ ಹೀಗಿರಬಹುದು:

‘ನಾಲ್ಕು ವರ್ಷದ ಈ ಹುಡುಗಿ ಕಿವಿ ಮೆಷಿನ್ ಹಾಕಿಕೊಂಡರೆ ಅವಳಿಗೆ ಅಮ್ಮನ ಮಾತು ಕೇಳಿಸುತ್ತದೆ. ಆದರೆ ಈಗ ಎರಡು ವಾರದಿಂದ ಅದನ್ನು ಕಿತ್ತು ಕಿತ್ತು ಎಸೆಯುತ್ತಿದ್ದಾಳೆ. ಹಟದಿಂದಲ್ಲ. ಅವಳ ಕಿವಿ ಬೆಳೆದಿದೆ, ಕಿವಿಯೊಳಗೆ ಕೂರುವ ಮೋಲ್ಡ್ ಮಾತ್ರ ಹಳೆಯ ಅಳತೆಯದ್ದು. ಅದು ಸಡಿಲವಾಗಿರುವುದರಿಂದ ಮೆಷಿನ್ ಕುಂಯ್ ಅಂತ ಶಿಳ್ಳೆ ಹೊಡೆಯುತ್ತದೆ. ಹೊಸ ಮೋಲ್ಡ್ ಹಾಕಿದರೆ ಆ ಸದ್ದು ನಿಲ್ಲುತ್ತದೆ. ಇವಳಂಥ ಒಂದು ಮಗುವಿಗೆ ಒಂದು ಜೊತೆ ಮೋಲ್ಡ್ ಮಾಡಿಸಲು ಇಷ್ಟು ಖರ್ಚಾಗುತ್ತದೆ. ಈ ತಿಂಗಳ ಕೊನೆಯೊಳಗೆ ನೀವು ಅದನ್ನು ಕಳಿಸಿಕೊಡುತ್ತೀರಾ?’

ಇದರಲ್ಲಿ ಏನಿದೆ ನೋಡಿ. ಕಣ್ಣೀರಿಲ್ಲ. ‘ದಯನೀಯ’, ‘ಮನಕಲಕುವ’ ಅನ್ನುವ ಪದಗಳಿಲ್ಲ. ಮೋಲ್ಡ್ ಅನ್ನುವ ಒಂದು ಸಣ್ಣ ವಸ್ತು ಇದೆ. ಅದು ಯಾಕೆ ಕೆಡುತ್ತದೆ ಅನ್ನುವುದಿದೆ. ಎಳೆಯ ಮಕ್ಕಳ ಕಿವಿ ಬೆಳೆಯುತ್ತಲೇ ಇರುತ್ತದೆ, ತೀರಾ ಚಿಕ್ಕವರಿಗೆ ಕೆಲವು ತಿಂಗಳಿಗೊಮ್ಮೆ ಮೋಲ್ಡ್ ಬದಲಾಯಿಸಬೇಕಾಗುತ್ತದೆ. ಆ ಕೆಲಸದಲ್ಲಿ ಇರುವವರಿಗೆ ಇದು ದಿನನಿತ್ಯದ ವಿಷಯ, ಅದಕ್ಕೇ ಅವರು ಪತ್ರದಲ್ಲಿ ಇದನ್ನು ಬರೆಯುವುದೇ ಇಲ್ಲ. ಹೊರಗಿನವರಿಗೆ ಇದು ಗೊತ್ತೇ ಇರುವುದಿಲ್ಲ. ಮೆಷಿನ್ ಒಂದ್ಸಲ ಕೊಟ್ಟರೆ ಮುಗಿಯಿತು ಅಂತ ತಿಳಿದುಕೊಂಡಿರುತ್ತಾರೆ. ನಿಮ್ಮ ಸಂಸ್ಥೆಯಲ್ಲೂ ಇಂಥ ಒಂದು ವಿಷಯ ಇದ್ದೇ ಇರುತ್ತದೆ, ಆದರೆ ಅದು ಸಾಮಾನ್ಯವಾಗಿ ಅಧ್ಯಕ್ಷರಿಗಿಂತ ಚೆನ್ನಾಗಿ ಗೊತ್ತಿರುವುದು ಮಕ್ಕಳ ಜೊತೆ ದಿನವಿಡೀ ಇರುವ ಟೀಚರಿಗೆ, ನರ್ಸಿಗೆ, ವ್ಯಾನ್ ಓಡಿಸುವವರಿಗೆ. ಪತ್ರ ಬರೆಯಲು ಕೂರುವ ಮೊದಲು ಅವರ ಹತ್ತಿರ ಹೋಗಿ ಒಂದು ಗಂಟೆ ಮಾತಾಡಿ. ‘ಈ ವಾರ ಏನು ಕಷ್ಟ ಆಯ್ತು?’ ಅಂತ ಕೇಳಿ. ಪತ್ರಕ್ಕೆ ಬೇಕಾದ ಅರ್ಧ ಸಾಮಗ್ರಿ ಅಲ್ಲೇ ಸಿಗುತ್ತದೆ.

ಇನ್ನೊಂದು ವಿಷಯ. ಅಲ್ಲಿ ‘ಇವಳಂಥ ಒಂದು ಮಗುವಿಗೆ’ ಅಂತ ಬರೆದಿದ್ದೇನೆ. ಸುಮ್ನೆ ಬರೆದದ್ದಲ್ಲ. ‘ಈ ಹುಡುಗಿಗೆ’ ಅಂತ ಬರೆದರೆ ಬಂದ ಹಣವೆಲ್ಲ ಆ ಹುಡುಗಿಗೇ ಹೋಗಬೇಕು. ನೂರು ಜನ ಕಳಿಸಿದರೆ ನೂರು ಜೊತೆ ಮೋಲ್ಡ್ ಅವಳಿಗೇನು ಮಾಡುತ್ತೀರಿ? ಕೊಟ್ಟವರಿಗೆ ಏನು ಮಾತು ಕೊಟ್ಟಿದ್ದೇವೋ ಅದಕ್ಕೇ ಹಣ ಖರ್ಚಾಗಬೇಕು. ಹಾಗಾಗಿ ಮಾತು ಕೊಡುವಾಗಲೇ ಉಳಿಸಿಕೊಳ್ಳಲು ಆಗುವಂಥದ್ದನ್ನು ಕೊಡಬೇಕು.

ಈಗ ಒಬ್ಬರ ಕತೆಯೇ ಯಾಕೆ, ಸಾವಿರಾರು ಜನರ ಕಷ್ಟ ಹೇಳಿದರೆ ಜಾಸ್ತಿ ಹಣ ಬರಬೇಕಲ್ವಾ ಅನ್ನುವ ಪ್ರಶ್ನೆ. ಇದನ್ನು ಕೆಲವರು ಸರಿಯಾಗಿ ಪರೀಕ್ಷೆ ಮಾಡಿ ನೋಡಿದ್ದಾರೆ. ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ 1968ರಲ್ಲೇ ಇದನ್ನು ಗುರುತಿಸಿದ್ದರು. ಗುರುತಿರುವ ಒಂದು ಮಗುವಿನ ಜೀವ ಉಳಿಸಲು ಜನ ಮುಗಿಬಿದ್ದು ಹಣ ಕೊಡುತ್ತಾರೆ. ಅಂಕಿಅಂಶದಲ್ಲಿ ಕಾಣುವ ಜೀವಗಳಿಗೆ ಅಷ್ಟು ಮನಸ್ಸು ಮಾಡುವುದಿಲ್ಲ. ಆಮೇಲೆ 2007ರಲ್ಲಿ ಡೆಬೊರಾ ಸ್ಮಾಲ್, ಜಾರ್ಜ್ ಲೋವೆನ್‌ಸ್ಟೈನ್, ಪಾಲ್ ಸ್ಲೋವಿಕ್ ಅನ್ನುವ ಸಂಶೋಧಕರು ಒಂದು ಪ್ರಯೋಗ ಪ್ರಕಟಿಸಿದರು. ಒಂದು ಸಮೀಕ್ಷೆಗೆ ಉತ್ತರ ಬರೆದ ಜನರಿಗೆ 5 ಡಾಲರ್ ಕೊಟ್ಟು, ಅದರ ಜೊತೆ ಒಂದು ಮನವಿ ಪತ್ರವನ್ನೂ ಕೊಟ್ಟರು. ಕೆಲವರ ಪತ್ರದಲ್ಲಿ ಆಫ್ರಿಕಾದ ದೇಶಗಳ ಹಸಿವಿನ ಅಂಕಿಅಂಶ ಇತ್ತು. ಕೆಲವರದರಲ್ಲಿ ಮಾಲಿ ದೇಶದ ರೊಕಿಯಾ ಅನ್ನುವ ಏಳು ವರ್ಷದ ಹುಡುಗಿಯ ವಿಷಯ ಇತ್ತು. ಅಂಕಿಅಂಶ ಓದಿದವರು ಸರಾಸರಿ 1.14 ಡಾಲರ್ ಕೊಟ್ಟರು, ರೊಕಿಯಾ ಬಗ್ಗೆ ಓದಿದವರು 2.38 ಡಾಲರ್.

ಇಷ್ಟನ್ನು ನೀವು ಬೇರೆ ಕಡೆಯೂ ಕೇಳಿರಬಹುದು. ನನಗೆ ಇದಕ್ಕಿಂತ ಮುಖ್ಯ ಅನ್ನಿಸುವುದು ಮೂರನೆಯ ಗುಂಪು. ಅವರಿಗೆ ಎರಡನ್ನೂ ಕೊಟ್ಟಿದ್ದರು, ರೊಕಿಯಾ ಕತೆಯೂ ಇತ್ತು, ಅಂಕಿಅಂಶವೂ ಇತ್ತು. ನಮ್ಮ ಪತ್ರಗಳೆಲ್ಲ ಮಾಡುವುದು ಇದನ್ನೇ, ಒಂದು ಕತೆ ಹಾಕಿ, ಆಮೇಲೆ ‘ಇಂಥ ಲಕ್ಷಾಂತರ ಮಕ್ಕಳು ನಮ್ಮ ನಡುವೆ ಇದ್ದಾರೆ’ ಅಂತ ಸೇರಿಸುತ್ತೇವೆ, ಇನ್ನೂ ಬಲ ಬರಲಿ ಅಂತ. ಆ ಗುಂಪು ಕೊಟ್ಟದ್ದು ಸರಾಸರಿ 1.43 ಡಾಲರ್. ಅಂಕಿಅಂಶ ಸೇರಿದ್ದರಿಂದ ಕತೆಯ ಬಲ ಕುಗ್ಗಿತು. ಯಾಕೆ ಹೀಗೆ? ನನ್ನ ತಿಳುವಳಿಕೆ ಇದು: ಲಕ್ಷ ಅಂದ ಕೂಡಲೇ ಓದುವವರಿಗೆ ತಮ್ಮ ಕೆಲಸ ಕೈತಪ್ಪಿ ಹೋಗುತ್ತದೆ. ಒಬ್ಬಳಿಗೆ ಮೋಲ್ಡ್ ಕೊಡಿಸಬಹುದಿತ್ತು, ಲಕ್ಷ ಮಕ್ಕಳಿಗೆ ನಾನೇನು ಮಾಡಲಿ ಅನ್ನಿಸಿ ಪತ್ರ ಕೆಳಗಿಡುತ್ತಾರೆ.

ಅಂಕಿ ದೊಡ್ಡದಾದಷ್ಟೂ ಮನಸ್ಸೂ ದೊಡ್ಡದಾಗುತ್ತದೆ ಅನ್ನುವುದೂ ನಿಜವಲ್ಲ. ತೊಂಬತ್ತರ ದಶಕದ ಆರಂಭದ ಒಂದು ಅಧ್ಯಯನದಲ್ಲಿ, ಎಣ್ಣೆಯ ಹೊಂಡಗಳಲ್ಲಿ ಬಿದ್ದು ಸಾಯುವ ಹಕ್ಕಿಗಳನ್ನು ಉಳಿಸಲು ಎಷ್ಟು ಕೊಡುತ್ತೀರಿ ಅಂತ ಜನರನ್ನು ಕೇಳಿದರು. 2,000 ಹಕ್ಕಿ ಅಂದಾಗ ಬಂದ ಸರಾಸರಿ ಉತ್ತರ 80 ಡಾಲರ್. 20,000 ಅಂದಾಗ 78. 2,00,000 ಅಂದಾಗ 88. ಹಕ್ಕಿಗಳು ನೂರು ಪಟ್ಟಾದರೂ ಹಣ ಹೆಚ್ಚುಕಮ್ಮಿ ಅಲ್ಲೇ ನಿಂತಿತು.

ಹಾಗಂತ ಅಂಕಿಅಂಶ ಬೇಡ ಅಂತಲ್ಲ. ಅದರ ಜಾಗ ಬೇರೆ. ವಾರ್ಷಿಕ ವರದಿಯಲ್ಲಿ ಇರಲಿ, ಪತ್ರದ ಜೊತೆ ಒಂದು ಪ್ರತ್ಯೇಕ ಹಾಳೆಯಲ್ಲಿ ಇರಲಿ, ಕೇಳಿದವರಿಗೆ ಕೊಡಲು ರೆಡಿ ಇರಲಿ. ದೊಡ್ಡ ಮೊತ್ತ ಕೊಡುವ ಫೌಂಡೇಶನ್‌ಗಳಿಗೆ ಬರೆಯುವ ಪ್ರಪೋಸಲ್‌ನಲ್ಲಂತೂ ಬೇಕೇ ಬೇಕು. ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯರಿಗೆ ಬರೆಯುವ ಪತ್ರದ ಬಗ್ಗೆ ಮಾತ್ರ ನಾನಿಲ್ಲಿ ಹೇಳುತ್ತಿದ್ದೇನೆ.

ಈಗ ಕಷ್ಟದ ವಿಷಯಕ್ಕೆ ಬರೋಣ. ಡೆಬೊರಾ ಸ್ಮಾಲ್ ಅವರೇ 2009ರಲ್ಲಿ ನಿಕೋಲ್ ವೆರೋಕಿ ಜೊತೆ ಇನ್ನೊಂದು ಅಧ್ಯಯನ ಪ್ರಕಟಿಸಿದರು. ಮನವಿಯಲ್ಲಿ ಮಗುವಿನ ಮುಖ ಬಾಡಿದ್ದರೆ ಜನ ಜಾಸ್ತಿ ಕೊಡುತ್ತಾರೆ, ನಗುತ್ತಿದ್ದರೆ ಕಮ್ಮಿ ಕೊಡುತ್ತಾರೆ ಅಂತ ಅದರಲ್ಲಿ ಕಂಡಿತು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ, ನಿಮ್ಮ ಕಮಿಟಿಯಲ್ಲಿ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ. ಹಾಗಾದರೆ ಅಳುವ ಮಗುವಿನ ಫೋಟೋ ಹಾಕೋಣವಾ? ನನ್ನ ಉತ್ತರ ಬೇಡ ಅಂತಲೇ. ಆ ಮಗು ನಾಳೆ ದೊಡ್ಡದಾಗುತ್ತದೆ. ಆ ಪತ್ರ ಅವಳ ಕೈಗೆ ಸಿಗುತ್ತದೆ, ಅವಳ ಜೊತೆ ಓದುವವರ ಕೈಗೂ ಸಿಗಬಹುದು, ಇಂಟರ್ನೆಟ್‌ನಲ್ಲಂತೂ ಯಾವುದೂ ಅಳಿಸಿ ಹೋಗುವುದಿಲ್ಲ. ಸಹಾಯ ಪಡೆದದ್ದಕ್ಕೆ ಬೆಲೆಯಾಗಿ ಯಾರೂ ತಮ್ಮ ಮರ್ಯಾದೆ ಕೊಡಬಾರದು. ನಾನು ಇಟ್ಟುಕೊಂಡಿರುವ ಅಳತೆ ಒಂದೇ. ಪತ್ರ ಅಚ್ಚಿಗೆ ಹೋಗುವ ಮೊದಲು ಯಾರ ಬಗ್ಗೆ ಬರೆದಿದ್ದೇವೋ ಅವರ ಮುಂದೆ, ಮಗುವಾಗಿದ್ದರೆ ಅಪ್ಪ ಅಮ್ಮನ ಮುಂದೆ ಕೂತು, ಪೂರ್ತಿ ಓದಿ ಹೇಳಬೇಕು. ಓದುವಾಗ ನಿಮಗೇ ಮುಜುಗರ ಆಯಿತಾ, ಆ ಸಾಲು ತೆಗೆಯಿರಿ. ಅವರು ಬೇಡ ಅಂದರೆ ಬೇಡ. ಬೇಡ ಅಂದರೂ ಸಹಾಯ ನಿಲ್ಲುವುದಿಲ್ಲ ಅನ್ನುವುದು ಅವರಿಗೆ ಮೊದಲೇ ಗೊತ್ತಿರಬೇಕು, ಇಲ್ಲದಿದ್ದರೆ ಆ ಒಪ್ಪಿಗೆಗೆ ಅರ್ಥವಿಲ್ಲ. ಹೆಸರು ಬದಲಾಯಿಸಿದ್ದರೆ ‘ಹೆಸರು ಬದಲಿಸಲಾಗಿದೆ’ ಅಂತ ಪತ್ರದಲ್ಲೇ ಹಾಕಿ. ಇಬ್ಬರು ಮೂವರ ಕತೆ ಬೆರೆಸಿ ಒಬ್ಬರದು ಅಂತ ಬರೆಯುವ ಅಭ್ಯಾಸ ಕೆಲವು ಕಡೆ ಇದೆ. ಅದನ್ನು ದಯವಿಟ್ಟು ಬಿಡಿ.

ಮತ್ತೆ, ಮರ್ಯಾದೆ ಉಳಿಸಿಕೊಂಡು ಬರೆದರೆ ಪತ್ರ ಸಪ್ಪೆಯಾಗುತ್ತದೆ ಅನ್ನುವುದು ನಿಜ ಅಲ್ಲ. ಮೆಷಿನ್ ಕಿತ್ತು ಎಸೆಯುವ ಹುಡುಗಿ ಪಾಪದವಳಾಗಿ ಕಾಣುವುದಿಲ್ಲ. ಮೂಗಿನ ಮೇಲೆ ಸಿಟ್ಟು ಇರುವ, ಗಟ್ಟಿ ಹುಡುಗಿಯಾಗಿ ಕಾಣುತ್ತಾಳೆ. ಓದುವವರಿಗೆ ಅವಳ ಮೇಲೆ ಅಯ್ಯೋ ಅನ್ನಿಸುವುದಕ್ಕಿಂತ ಆ ಶಿಳ್ಳೆ ನಿಲ್ಲಿಸಬೇಕು ಅನ್ನಿಸುತ್ತದೆ. ನನಗೆ ಬೇಕಾದದ್ದೂ ಅದೇ.

ಕೇಳುವುದಕ್ಕೆ ಬರೋಣ. ನಮ್ಮವರಿಗೆ ಅತಿ ಕಷ್ಟ ಇದು. ಎರಡು ಪುಟ ಬರೆದು, ಕೊನೆಗೆ ಸಂಕೋಚ ಪಟ್ಟುಕೊಂಡು ‘ತಮ್ಮ ಕೈಲಾದಷ್ಟು ನೆರವು’ ಅಂತ ಹಾಕಿ ಕೈಮುಗಿದುಬಿಡುತ್ತೇವೆ. ಕೈಲಾದಷ್ಟು ಅಂದರೆ ಎಷ್ಟು? ಅದನ್ನು ಲೆಕ್ಕ ಹಾಕುವ ಕೆಲಸವನ್ನೂ ಓದುವವರ ತಲೆಗೇ ಕಟ್ಟಿದ ಹಾಗಾಯಿತು. ಕಮ್ಮಿ ಕೊಟ್ಟರೆ ಏನಂದುಕೊಳ್ಳುತ್ತಾರೋ, ಜಾಸ್ತಿ ಕೊಡಲು ಆಗುವುದಿಲ್ಲ, ನಾಳೆ ನೋಡೋಣ ಅಂತ ಪತ್ರ ಪಕ್ಕಕ್ಕೆ ಹೋಗುತ್ತದೆ. ನಾಳೆ ಬರುವುದೇ ಇಲ್ಲ.

ಮೊತ್ತ ಹೇಳಿ. ಆ ಮೊತ್ತದಿಂದ ಏನಾಗುತ್ತದೆ ಹೇಳಿ. ಯಾವಾಗಿನೊಳಗೆ ಬೇಕು, ಯಾಕೆ ಅಷ್ಟರೊಳಗೆ ಬೇಕು ಹೇಳಿ. ಮೊದಲ ಪುಟದಲ್ಲೇ ಒಂದು ಸಲ ಕೇಳಿ, ನಡುವೆ ಒಂದು ಸಲ, ಕೊನೆಗೆ ಇನ್ನೊಂದು ಸಲ. ಪೂರ್ತಿ ಓದದವರೇ ಜಾಸ್ತಿ, ಅದಕ್ಕೆ. ಮೊದಲು ಕೊಟ್ಟವರಿಗೆ ಬರೆಯುವಾಗ ಅವರು ಹಿಂದೆ ಎಷ್ಟು ಕೊಟ್ಟಿದ್ದರು ನೋಡಿ, ಅದಕ್ಕೆ ಹೊಂದುವ ಹಾಗೆ ಕೇಳಿ. ಚಿಕ್ಕ ಮೊತ್ತ ಕೊಟ್ಟವರಿಗೆ ಏಕ್‌ದಂ ಹತ್ತು ಪಟ್ಟು ಕೇಳಿದರೆ ನೀವು ಅವರನ್ನು ನೆನಪಿಟ್ಟುಕೊಂಡಿಲ್ಲ ಅನ್ನುವುದು ಗೊತ್ತಾಗಿಬಿಡುತ್ತದೆ.

ಚಿಕ್ಕ ಮೊತ್ತವೂ ಬೇಕು ಅಂತ ಹೇಳುವುದು ಬೇರೆ ವಿಷಯ, ಅದರಿಂದ ಉಪಯೋಗ ಇದೆ. 1976ರಲ್ಲಿ ರಾಬರ್ಟ್ ಚಿಯಾಲ್ಡಿನಿ ಮತ್ತು ಡೇವಿಡ್ ಶ್ರೋಡರ್ ಒಂದು ಪ್ರಯೋಗ ಪ್ರಕಟಿಸಿದರು. ಮನೆ ಮನೆಗೆ ಹೋಗಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿಗೆ ಹಣ ಕೇಳುವಾಗ, ಮಾಮೂಲಿ ಮಾತಿನ ಕೊನೆಗೆ ‘ಒಂದು ಪೈಸೆ ಕೊಟ್ಟರೂ ಅನುಕೂಲವೇ’ ಅನ್ನುವ ಅರ್ಥದ ಒಂದು ಮಾತು ಸೇರಿಸಿದರು. ಮೊದಲು ನೂರಕ್ಕೆ ಸುಮಾರು 29 ಮನೆಯವರು ಕೊಡುತ್ತಿದ್ದರೆ, ಆ ಮಾತು ಸೇರಿಸಿದ ಮೇಲೆ 50 ಮನೆಯವರು ಕೊಟ್ಟರು. ಕೊಟ್ಟ ಮೊತ್ತವೂ ಇಳಿಯಲಿಲ್ಲ. ಆದರೆ ಅದು ಮನೆ ಬಾಗಿಲಲ್ಲಿ ಎದುರೆದುರು ನಿಂತು ಕೇಳಿದ್ದು. ಪತ್ರದಲ್ಲಿ ಅಷ್ಟೇ ಫಲ ಸಿಗುತ್ತದೆ ಅಂತ ನಾನು ಮಾತು ಕೊಡುವುದಿಲ್ಲ. ನಾನಾಗಿದ್ದರೆ ಮೊದಲು ಒಂದು ಸರಿಯಾದ ಮೊತ್ತ ಹೇಳಿ, ಅದರ ಕೆಳಗೆ ಒಂದು ಚಿಕ್ಕ ಮೊತ್ತವನ್ನೂ ಇಟ್ಟು, ಅದರಿಂದಲೂ ಏನಾಗುತ್ತದೆ ಅಂತ ಬರೆಯುತ್ತೇನೆ, ಮೆಷಿನ್‌ನ ಬ್ಯಾಟರಿಯೋ ಇನ್ನೊಂದೋ.

ಚಿಕ್ಕ ಕೊಡುಗೆಗಳ ಬಲ ಗೊತ್ತಾಗಬೇಕಾದರೆ 1885ಕ್ಕೆ ಹೋಗಬೇಕು. ನ್ಯೂಯಾರ್ಕಿನ ಸ್ವಾತಂತ್ರ್ಯ ದೇವಿಯ ಪ್ರತಿಮೆ ಫ್ರಾನ್ಸಿನಲ್ಲಿ ತಯಾರಾಗಿತ್ತು, ಅದನ್ನು ನಿಲ್ಲಿಸುವ ಪೀಠಕ್ಕೆ ಹಣ ಇರಲಿಲ್ಲ. ಪತ್ರಿಕೆಯ ಮಾಲೀಕ ಜೋಸೆಫ್ ಪುಲಿಟ್ಜರ್ ತಮ್ಮ ‘ದಿ ವರ್ಲ್ಡ್’ ಪತ್ರಿಕೆಯಲ್ಲಿ ಜನರನ್ನೇ ಕೇಳಿದರು. ಶ್ರೀಮಂತರು ಕೊಡಲಿ ಅಂತ ಕಾಯುವುದು ಬೇಡ ಅಂದರು. ಎಷ್ಟೇ ಚಿಕ್ಕ ಮೊತ್ತ ಕೊಟ್ಟರೂ ಹೆಸರು ಪತ್ರಿಕೆಯಲ್ಲಿ ಬರುತ್ತದೆ ಅಂದರು, ಹಾಗೇ ಹಾಕಿದರು ಕೂಡ. ಕೆಲವೇ ತಿಂಗಳಲ್ಲಿ 1,20,000ಕ್ಕೂ ಹೆಚ್ಚು ಜನರಿಂದ ಒಂದು ಲಕ್ಷ ಡಾಲರ್ ದಾಟಿತು. ಬಹುಪಾಲು ಜನ ಕೊಟ್ಟದ್ದು ಒಂದು ಡಾಲರಿಗಿಂತ ಕಮ್ಮಿ. ಹನಿ ಹನಿ ಕೂಡಿದರೆ ಹಳ್ಳ ಅನ್ನುವುದು ಸರಿ, ಆದರೆ ಪ್ರತಿ ಹನಿಗೂ ಹೆಸರಿತ್ತು ಅನ್ನುವುದನ್ನು ಮರೆಯಬೇಡಿ.

ಒಬ್ಬರು ಕೊಟ್ಟರೆ ಇನ್ನೊಬ್ಬರು ಅಷ್ಟೇ ಸೇರಿಸುತ್ತಾರೆ ಅನ್ನುವ ಉಪಾಯವೂ ಹಳೆಯದೇ. 1751ರಲ್ಲಿ ಫಿಲಡೆಲ್ಫಿಯಾದಲ್ಲಿ ಆಸ್ಪತ್ರೆ ಕಟ್ಟಲು ಬೆಂಜಮಿನ್ ಫ್ರಾಂಕ್ಲಿನ್ ಇದನ್ನೇ ಮಾಡಿದರು. ಜನ 2,000 ಪೌಂಡ್ ಕೂಡಿಸಿದರೆ ಶಾಸನಸಭೆಯೂ 2,000 ಪೌಂಡ್ ಕೊಡಬೇಕು ಅಂತ ಒಪ್ಪಿಸಿದರು. ಕೊಡುವ ಪ್ರತಿಯೊಬ್ಬರಿಗೂ ತಮ್ಮ ಹಣ ಎರಡರಷ್ಟಾಗುತ್ತದೆ ಅನ್ನಿಸಿತು. 2007ರಲ್ಲಿ ಡೀನ್ ಕಾರ್ಲನ್ ಮತ್ತು ಜಾನ್ ಲಿಸ್ಟ್ ಇದನ್ನು ಐವತ್ತು ಸಾವಿರಕ್ಕೂ ಹೆಚ್ಚು ಪತ್ರಗಳಲ್ಲಿ ಪರೀಕ್ಷೆ ಮಾಡಿದ್ದನ್ನು ಪ್ರಕಟಿಸಿದರು. ಹೀಗೆ ಸೇರಿಸುವವರು ಇದ್ದಾರೆ ಅಂತ ಹೇಳಿದಾಗ ಪ್ರತಿ ಪತ್ರಕ್ಕೆ ಬಂದ ಹಣ ಒಟ್ಟಾರೆ ಶೇ. 19ರಷ್ಟು ಏರಿತು. ಕೊಟ್ಟಷ್ಟೇ ಸೇರುತ್ತದೆ ಅನ್ನುವುದಕ್ಕಿಂತ ಎರಡರಷ್ಟು, ಮೂರರಷ್ಟು ಸೇರುತ್ತದೆ ಅಂದಾಗ ಹೆಚ್ಚಿನ ಉಪಯೋಗವೇನೂ ಆಗಲಿಲ್ಲ. ಒಂದಕ್ಕೊಂದು ಸಾಕು. ಆದರೆ ಹಾಗೆ ಸೇರಿಸುವವರು ನಿಜವಾಗಲೂ ಇರಬೇಕು, ಜನ ಕೊಡದಿದ್ದರೂ ಹೇಗೂ ಪೂರ್ತಿ ಕೊಟ್ಟೇ ಕೊಡುವವರನ್ನು ಹಾಗೆ ತೋರಿಸುವುದು ಮೋಸ.

ಆಡಳಿತ ವೆಚ್ಚದ ಪ್ರಶ್ನೆ ಯಾವಾಗಲೂ ಬರುತ್ತದೆ. ‘ನಾನು ಕೊಟ್ಟದ್ದು ಆಫೀಸ್ ಬಾಡಿಗೆಗೆ ಹೋಗುತ್ತದೋ ಏನೋ’ ಅಂತ. ಯೂರಿ ಗ್ನೀಜಿ ಮತ್ತು ಜೊತೆಗಾರರು 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 40,000 ಜನರಿಗೆ ನಾಲ್ಕು ಬಗೆಯ ಪತ್ರ ಹೋಗಿತ್ತು. ‘ಆಡಳಿತ ವೆಚ್ಚವನ್ನು ಒಬ್ಬ ದಾನಿ ಆಗಲೇ ಕೊಟ್ಟಿದ್ದಾರೆ, ನಿಮ್ಮ ಹಣ ಪೂರ್ತಿ ಕೆಲಸಕ್ಕೇ ಹೋಗುತ್ತದೆ’ ಅಂದ ಪತ್ರಕ್ಕೆ, ಮಾಮೂಲಿ ಪತ್ರಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಜನ ಕೊಟ್ಟರು. ನಿಮಗೆ ಯಾರಾದರೂ ದೊಡ್ಡ ದಾನಿ ಇದ್ದರೆ ಅವರ ಹಣವನ್ನು ಇದಕ್ಕೆ ಕೇಳಿ ನೋಡಿ. ಅಂಥವರು ಇಲ್ಲದಿದ್ದರೆ ಸಂಬಳ, ಬಾಡಿಗೆಗಳಿಗೆ ನಾಚಿಕೊಳ್ಳಬೇಡಿ. ಮೋಲ್ಡ್ ಅಳತೆ ತೆಗೆಯುವವರಿಗೆ ಸಂಬಳ ಕೊಡದೆ ಮೋಲ್ಡ್ ಆಗುವುದಿಲ್ಲ ಅಂತ ನೇರವಾಗಿ ಬರೆಯಿರಿ.

ಪತ್ರದ ರೂಪದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಜರ್ಮನಿಯ ಜೀಕ್‌ಫ್ರೀಡ್ ಫ್ಯೋಗೆಲೆ, ಅಂಚೆಯಲ್ಲಿ ಬರುವ ಪತ್ರಗಳ ಮೇಲೆ ಜನರ ಕಣ್ಣು ಹೇಗೆ ಓಡುತ್ತದೆ ಅಂತ ಗಮನಿಸಿದವರು. ಮೊದಲು ತಮ್ಮ ಹೆಸರು ನೋಡುತ್ತಾರೆ, ಆಮೇಲೆ ಯಾರು ಸಹಿ ಹಾಕಿದ್ದಾರೆ ಅಂತ ನೋಡುತ್ತಾರೆ, ಅಲ್ಲೇ ಕೆಳಗೆ ಪಿ.ಎಸ್. ಅಂತಲೋ ವಿ.ಸೂ. ಅಂತಲೋ ಇದ್ದರೆ ಅದನ್ನು ಓದುತ್ತಾರೆ. ಒಳಗಿನ ಪ್ಯಾರಾಗಳಿಗೆ ಬರುವುದು ಅದಾದ ಮೇಲೆ. ಹಾಗಾಗಿ ಹೆಸರಿನ ಕಾಗುಣಿತ ತಪ್ಪಬಾರದು, ಸಹಿ ಒಬ್ಬರದೇ ಇರಬೇಕು, ಸಹಿಯ ಕೆಳಗಿನ ಸಾಲಿನಲ್ಲಿ ಮುಖ್ಯ ಮಾತು ಮತ್ತೆ ಬರಬೇಕು: ಏನು, ಎಷ್ಟು, ಯಾವಾಗಿನೊಳಗೆ. ಅಕ್ಷರ ದೊಡ್ಡದಿರಲಿ, ಪ್ಯಾರಾ ಚಿಕ್ಕದಿರಲಿ. ‘ತಾವುಗಳು’, ‘ದಾನಿಗಳು’ ಬೇಡ, ‘ನೀವು’ ಸಾಕು. ಬರೆದ ಮೇಲೆ ಒಮ್ಮೆ ಗಟ್ಟಿಯಾಗಿ ಓದಿ, ಎಲ್ಲಿ ಉಸಿರು ಸಿಕ್ಕಿಕೊಳ್ಳುತ್ತದೋ ಅಲ್ಲಿ ವಾಕ್ಯ ಮುರಿಯಿರಿ.

ಪತ್ರ ಕೆಡುವುದು ಬಹಳ ಸಲ ಬರೆಯುವವರಿಂದಲ್ಲ, ಕಮಿಟಿಯಿಂದ. ಒಬ್ಬರು ಸ್ಥಾಪಕರ ಹೆಸರು ಬರಲಿ ಅನ್ನುತ್ತಾರೆ, ಒಬ್ಬರು ಹೊಸ ಕಟ್ಟಡದ ವಿಷಯ ಬರಲಿ ಅನ್ನುತ್ತಾರೆ, ಇನ್ನೊಬ್ಬರು ‘ಕಿತ್ತು ಎಸೆಯುತ್ತಾಳೆ’ ಅನ್ನುವುದು ಗೌರವದ ಭಾಷೆ ಅಲ್ಲ ಅಂತ ‘ಬಳಸಲು ನಿರಾಕರಿಸುತ್ತಾಳೆ’ ಅಂತ ತಿದ್ದುತ್ತಾರೆ. ಎಲ್ಲರ ಉದ್ದೇಶವೂ ಒಳ್ಳೆಯದೇ. ಆದರೆ ಕೊನೆಗೆ ಉಳಿಯುವುದು ನಾನು ಮೊದಲು ಓದಿದೆನಲ್ಲ, ಆ ಪತ್ರ. ಮೊದಲೇ ಒಪ್ಪಂದ ಮಾಡಿಕೊಳ್ಳಿ, ಕಮಿಟಿ ನೋಡುವುದು ಸತ್ಯ ಇದೆಯಾ, ಲೆಕ್ಕ ಸರಿ ಇದೆಯಾ, ಯಾರ ಮರ್ಯಾದೆಗೂ ಧಕ್ಕೆ ಇಲ್ಲವಾ ಅನ್ನುವುದನ್ನು ಮಾತ್ರ. ಭಾಷೆ ಬರೆಯುವವರ ಕೈಯಲ್ಲಿ ಇರಲಿ.

ಇನ್ನು ಹಣ ಬಂದ ಮೇಲೆ. ಧನ್ಯವಾದ ಹೇಳಲು ಫೋನ್ ಮಾಡಿದರೆ ಜನ ಮತ್ತೆ ಕೊಡುತ್ತಾರೆ ಅಂತ ಎಲ್ಲರೂ ನಂಬಿದ್ದರು. ಅನ್ಯಾ ಸಾಮೆಕ್ ಮತ್ತು ಚಕ್ ಲಾಂಗ್‌ಫೀಲ್ಡ್ ಐದು ಲಕ್ಷಕ್ಕೂ ಹೆಚ್ಚು ದಾನಿಗಳ ಮೇಲೆ ಇದನ್ನು ಪರೀಕ್ಷೆ ಮಾಡಿ 2023ರಲ್ಲಿ ಪ್ರಕಟಿಸಿದರು. ಫೋನ್ ಬಂದವರೂ ಬಾರದವರೂ ಮುಂದಿನ ವರ್ಷ ಒಂದೇ ತರ ಕೊಟ್ಟರು. ಇದನ್ನು ಓದಿ ಧನ್ಯವಾದ ಹೇಳುವುದನ್ನೇ ಬಿಟ್ಟರೆ ಅದು ತಪ್ಪು. ಧನ್ಯವಾದ ಹೇಳುವುದು ಮತ್ತೆ ಕೇಳಲು ಅಲ್ಲ, ಅದು ನಮ್ಮ ಕರ್ತವ್ಯ. ಜೊತೆಗೆ ಕೆಲಸ ಆಯಿತು ಅನ್ನುವ ಸುದ್ದಿ ಅವರಿಗೆ ತಲುಪಬೇಕು. ಮೋಲ್ಡ್‌ಗೆ ಅಂತ ಕೇಳಿದ್ದೆವು, ಮೋಲ್ಡ್ ಹಾಕಿದೆವು, ಈಗ ಆ ಹುಡುಗಿ ಮೆಷಿನ್ ಎಸೆಯುತ್ತಿಲ್ಲ. ಇಷ್ಟು ಮೂರು ಸಾಲು ಸಾಕು. ಆ ಪತ್ರದಲ್ಲಿ ಮತ್ತೆ ಹಣ ಕೇಳಬೇಡಿ.

ಸಭೆಯಲ್ಲಿ ಒಬ್ಬರು ಕೇಳಿದರು: ‘ಸರ್, ಪತ್ರ ಯಾರಿಗೆ ಕಳಿಸಬೇಕು? ಸಿಕ್ಕ ವಿಳಾಸಕ್ಕೆಲ್ಲ ಕಳಿಸಿದರೆ ಆಗುತ್ತಾ?’ ಇದಕ್ಕೂ ಫ್ರಾಂಕ್ಲಿನ್ ಹತ್ತಿರ ಉತ್ತರ ಇದೆ. ಪ್ರಾರ್ಥನಾ ಮಂದಿರಕ್ಕೆ ಹಣ ಕೂಡಿಸುತ್ತಿದ್ದ ಒಬ್ಬ ಪಾದ್ರಿ ಅವರ ಸಲಹೆ ಕೇಳಿದ್ದರು. ಕೊಟ್ಟೇ ಕೊಡುತ್ತಾರೆ ಅಂತ ಗೊತ್ತಿರುವವರ ಹತ್ತಿರ ಮೊದಲು ಹೋಗಿ, ಆಮೇಲೆ ಕೊಡುತ್ತಾರೋ ಇಲ್ಲವೋ ಅಂತ ಅನುಮಾನ ಇರುವವರ ಹತ್ತಿರ ಹೋಗಿ ಕೊಟ್ಟವರ ಪಟ್ಟಿ ತೋರಿಸಿ, ಖಂಡಿತ ಕೊಡುವುದಿಲ್ಲ ಅನ್ನಿಸುವವರನ್ನೂ ಬಿಡಬೇಡಿ, ಕೆಲವರ ವಿಷಯದಲ್ಲಿ ನಿಮ್ಮ ಅಂದಾಜು ತಪ್ಪಿರಬಹುದು ಅಂದರು. ಹಿಂದೆ ಒಮ್ಮೆ ಕೊಟ್ಟವರೇ ನಿಮ್ಮ ಮೊದಲ ಪಟ್ಟಿ. ಅವರ ವಿಳಾಸ, ಫೋನ್ ನಂಬರ್ ಸರಿಯಾಗಿಟ್ಟುಕೊಳ್ಳುವುದು ಒಳ್ಳೆಯ ಪತ್ರ ಬರೆಯುವಷ್ಟೇ ದೊಡ್ಡ ಕೆಲಸ. ಎಲ್ಲಿಂದಲೋ ಕೊಂಡುತಂದ ವಿಳಾಸಗಳಿಗೆ ಕಳಿಸುವುದು ನನಗೆ ಇಷ್ಟವಿಲ್ಲ, ಇನ್ನು ಕಳಿಸಬೇಡಿ ಅಂದವರಿಗಂತೂ ಇನ್ನೊಂದು ಪತ್ರ ಹೋಗಲೇಬಾರದು.

ಇನ್ನೊಬ್ಬರ ಪ್ರಶ್ನೆ: ‘ನೀವು ಹೇಳಿದ್ದು ನಮ್ಮ ಸಂಸ್ಥೆಗೂ ಹೊಂದುತ್ತಾ ಅಂತ ಹೇಗೆ ತಿಳಿಯುವುದು?’ ನೀವೇ ಪರೀಕ್ಷೆ ಮಾಡಿ. ಪಟ್ಟಿಯನ್ನು ಕಣ್ಣು ಮುಚ್ಚಿ ಎರಡು ಭಾಗ ಮಾಡಿ, ಒಂದಕ್ಕೆ ಹಳೆಯ ಪತ್ರ, ಒಂದಕ್ಕೆ ಹೊಸದು, ಎರಡೂ ಒಂದೇ ದಿನ ಹೋಗಲಿ. ಒಂದು ಸಲಕ್ಕೆ ಒಂದೇ ವಿಷಯ ಬದಲಾಯಿಸಿ, ಇಲ್ಲದಿದ್ದರೆ ಯಾವುದರಿಂದ ಏನಾಯಿತು ಗೊತ್ತಾಗುವುದಿಲ್ಲ. ಎಷ್ಟು ಜನ ಕೊಟ್ಟರು, ಒಟ್ಟು ಎಷ್ಟು ಬಂತು, ಎರಡನ್ನೂ ಬರೆದಿಡಿ. ಪಟ್ಟಿಯಲ್ಲಿ ನೂರಿನ್ನೂರು ಜನ ಮಾತ್ರ ಇದ್ದರೆ ಈ ಲೆಕ್ಕದಿಂದ ಏನೂ ತಿಳಿಯುವುದಿಲ್ಲ. ಆಗ ಕೊಟ್ಟವರಲ್ಲಿ ನಾಲ್ಕೈದು ಜನಕ್ಕೆ ಫೋನ್ ಮಾಡಿ, ಆ ಪತ್ರದಲ್ಲಿ ಏನು ನೆನಪಿದೆ ಅಂತ ಕೇಳಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದಿಟ್ಟುಕೊಳ್ಳಿ, ಮುಂದಿನ ಪತ್ರ ಬರೆಯುವಾಗ ಅದನ್ನು ಎದುರಿಗೆ ಇಟ್ಟುಕೊಂಡೇ ಕೂತುಕೊಳ್ಳಿ.